ಹಿತ್ತಲ ಹುಣಸೆ, ಹೆಜ್ಜಾರ್ಲೆ ಬಳಗ

ಸಂಘ ಸಂಸ್ಥೆಗಳ ಚರಿತ್ರೆಯನ್ನು ನೋಂದಣಿಯ ದಿನಾಂಕದಿಂದಲೋ ಪದಾಧಿಕಾರಿಗಳ ಪಟ್ಟಿಯಿಂದಲೋ ಶುರುಮಾಡುವುದು ರೂಢಿ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಬಳಗದ ಚರಿತ್ರೆಯನ್ನು ಹಾಗೆ ಬರೆಯಹೊರಟರೆ ಎರಡು ಪುಟಕ್ಕೆ ಮುಗಿದುಹೋಗುತ್ತದೆ, ಮುಖ್ಯವಾದದ್ದೆಲ್ಲ ಹೊರಗೇ ಉಳಿಯುತ್ತದೆ. ಇದು ಹಳ್ಳಿಯ ಹುಡುಗರು ಸೇರಿ ಕಟ್ಟಿಕೊಂಡ ಬಳಗ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುವುದು ಅದರ ಕೆಲಸ. ಆ ಕೆಲಸ ಯಾಕೆ ಬೇಕಾಯಿತು, ಅದಕ್ಕೂ ಮುಂಚೆ ಊರು ಈ ಹಕ್ಕಿಗಳನ್ನು ಹೇಗೆ ಕಾಪಾಡಿಕೊಂಡು ಬಂದಿತ್ತು, ಅದರ ಖರ್ಚನ್ನು ಯಾರು ಹೊತ್ತರು ಎಂಬುದು ಗೊತ್ತಾದ ಮೇಲೆಯೇ ಬಳಗದ ಬೆಲೆ ತಿಳಿಯುವುದು. ಹಾಗಾಗಿ ಹುಣಸೆಮರದಿಂದಲೇ ಹೊರಡೋಣ.

ಬೆಂಗಳೂರಿನಿಂದ ಮೈಸೂರಿನ ಕಡೆ ಹೋಗುವಾಗ ಚನ್ನಪಟ್ಟಣ ದಾಟಿದ ಮೇಲೆ, ಮದ್ದೂರು ಸಿಗುವ ಮುಂಚೆ, ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿ ಸುಮಾರು 12 ಕಿಲೋಮೀಟರ್ ಒಳಗೆ ಹೋದರೆ ಬೆಳ್ಳೂರು. ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು. ಪಕ್ಕದಲ್ಲೇ ಶಿಂಷಾ ನದಿ. ರಾಗಿ, ಭತ್ತ, ಕಬ್ಬು ಬೆಳೆಯುವ, ಹಸು ಎಮ್ಮೆ ಕಟ್ಟಿಕೊಂಡ ರೈತರ ಊರು. ಆ ಸೀಮೆಯ ನೂರಾರು ಊರುಗಳಿಗಿಂತ ಮೇಲ್ನೋಟಕ್ಕೆ ಬೇರೆ ಏನಲ್ಲ. ಆದರೆ ಮಳೆಗಾಲ ಹಿಂದೆ ಸರಿದು ಚಳಿ ಹಿಡಿಯುವ ಹೊತ್ತಿಗೆ ಹೆಜ್ಜಾರ್ಲೆಗಳು ಬಂದಿಳಿಯುತ್ತವೆ. ಅವುಗಳ ಹಿಂದೆಯೇ ಹಳದಿ ಕೊಕ್ಕಿನ, ಗುಲಾಬಿ ಗರಿಯ ಬಣ್ಣದ ಕೊಕ್ಕರೆಗಳು. ಎರಡೂ ಜಾತಿಯವು ಊರ ಹೊರಗಿನ ತೋಪಿಗೆ ಹೋಗುವುದಿಲ್ಲ. ಮನೆಗಳ ಹಿತ್ತಲಲ್ಲಿ, ಬೀದಿಯ ಅಂಚಿನಲ್ಲಿ, ದೇವಸ್ಥಾನದ ಮುಂದೆ ಇರುವ ಹುಣಸೆ, ಅರಳಿ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಕೆಳಗೆ ಎಮ್ಮೆ ಮೆಲುಕು ಹಾಕುತ್ತಿದ್ದರೆ ಮೇಲೆ ಮರಿಗಳು ಊಟಕ್ಕೆ ಅರಚುತ್ತಿರುತ್ತವೆ. ಮೇ, ಜೂನ್ ಹೊತ್ತಿಗೆ ಮರಿಗಳ ಜೊತೆ ಎಲ್ಲವೂ ಹೊರಟುಹೋಗುತ್ತವೆ.

ಹೆಜ್ಜಾರ್ಲೆ ಚಿಕ್ಕ ಹಕ್ಕಿಯಲ್ಲ. ನಾಲ್ಕೈದು ಕಿಲೋ ತೂಗುತ್ತದೆ, ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರಿನಷ್ಟು ಅಗಲ. ಅಂಥ ನೂರಾರು ಹಕ್ಕಿಗಳು ಆರೇಳು ತಿಂಗಳು ಮನೆಯ ಮೇಲೆ ಸಂಸಾರ ಹೂಡಿದರೆ ಏನಾಗುತ್ತದೆಂದು ದೂರದಿಂದ ಕ್ಯಾಮೆರಾ ಹಿಡಿದವರಿಗೆ ಕಾಣುವುದಿಲ್ಲ. ಹೆಂಚಿನ ಮೇಲೆ, ಅಂಗಳದಲ್ಲಿ, ಒಣಹಾಕಿದ ಬಟ್ಟೆಯ ಮೇಲೆ ಬಿಳಿ ಹಿಕ್ಕೆ. ಮರಿಗಳ ಬಾಯಿಂದ ಜಾರಿದ ಮೀನು ಕೆಳಗೆ ಬಿದ್ದು ಕೊಳೆತು ನಾರುತ್ತದೆ. ಅದನ್ನೂ ಸಹಿಸಬಹುದು. ನಿಜವಾದ ನಷ್ಟ ಮರದ ಮೇಲೆಯೇ ಇದೆ.

ಸಂಕ್ರಾಂತಿ ಕಳೆದ ಮೇಲೆ ಹುಣಸೆ ಬಡಿಯುವ ಕಾಲ. ದೊಡ್ಡ ಹುಣಸೆಮರವೊಂದು ಈ ಭಾಗದ ರೈತನಿಗೆ ನೀರು ಗೊಬ್ಬರ ಏನೂ ಕೇಳದೆ ವರ್ಷಕ್ಕೊಮ್ಮೆ ಕೈಗೆ ರೊಕ್ಕ ಕೊಡುವ ಆಸ್ತಿ. ಮರವನ್ನು ಗುತ್ತಿಗೆಗೆ ಕೊಟ್ಟರೆ ಗುತ್ತಿಗೆದಾರ ಕೋಲು ಹಿಡಿದು ಮರ ಹತ್ತಿ ಕೊಂಬೆ ಕೊಂಬೆಯನ್ನೂ ಬಡಿಯುತ್ತಾನೆ. ಬೆಳ್ಳೂರಿನಲ್ಲಿ ಸರಿಯಾಗಿ ಅದೇ ತಿಂಗಳುಗಳಲ್ಲಿ ಕೊಂಬೆಗಳ ತುದಿಯಲ್ಲಿ ಮರಿಗಳಿರುತ್ತವೆ. ಕಾಯಿ ಬಡಿದರೆ ಗೂಡು ಹೋಗುತ್ತದೆ, ಗೂಡು ಉಳಿಸಿದರೆ ಕಾಯಿ ಹೋಗುತ್ತದೆ. ಸಾಲದ್ದಕ್ಕೆ ಹಿಕ್ಕೆಯ ಖಾರಕ್ಕೆ ಎಲೆ ಸುಟ್ಟು, ಚಿಗುರು ಸೊರಗಿ, ಮರದ ಇಳುವರಿಯೇ ಇಳಿಯುತ್ತದೆ. ಗೂಡಿಗೆ ಬೇಕಾದ ಕಡ್ಡಿ ಸೊಪ್ಪುಗಳನ್ನೂ ಹಕ್ಕಿಗಳು ಮರಗಳಿಂದಲೇ ಮುರಿದುಕೊಳ್ಳುತ್ತವೆ. ಇಷ್ಟೆಲ್ಲ ಗೊತ್ತಿದ್ದೂ ತಲೆಮಾರುಗಳಿಂದ ಆ ಊರಿನ ಮನೆಗಳು ಕಾಯಿಯನ್ನು ಬಿಟ್ಟುಕೊಟ್ಟು ಗೂಡನ್ನು ಉಳಿಸಿದವು. ಬೆಳ್ಳೂರಿನ ಸಂರಕ್ಷಣೆಯ ಚರಿತ್ರೆಯಲ್ಲಿ ಮೊದಲು ಬರೆಯಬೇಕಾದ ಸಂಗತಿ ಇದೇ ಎಂದು ನಾನು ನಂಬಿದ್ದೇನೆ.

ಯಾಕೆ ಉಳಿಸಿದರು ಎಂದರೆ ಊರಿನವರು ಹೇಳುವ ಮಾತು ಒಂದೇ: ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಓಡಿಸುತ್ತಾರೆಯೆ? ಬಾಣಂತನಕ್ಕೆ ಬಂದವಳ ಸದ್ದು ಗಲಾಟೆ, ಗಲೀಜು, ಖರ್ಚು ಯಾವುದನ್ನೂ ತವರು ಎಣಿಸುವುದಿಲ್ಲ. ಹಕ್ಕಿ ಬಂದ ವರ್ಷ ಮಳೆ ಬೆಳೆ ಚೆನ್ನ, ಬಾರದಿದ್ದರೆ ಬರ ಎಂಬ ನಂಬಿಕೆಯೂ ಇದರ ಜೊತೆಗಿದೆ. ಈ ನಂಬಿಕೆಯನ್ನು ಬರಿಯ ಮುಗ್ಧತೆ ಎಂದು ತಳ್ಳಿಹಾಕುವ ಅಗತ್ಯವಿಲ್ಲ. ಮಳೆ ಚೆನ್ನಾಗಿ ಆಗಿ ಕೆರೆ ತುಂಬಿದ ವರ್ಷವೇ ಮೀನು ಹೆಚ್ಚು, ಮೀನು ಹೆಚ್ಚಿದ್ದ ವರ್ಷವೇ ಗೂಡು ಹೆಚ್ಚು. ಹೆಜ್ಜಾರ್ಲೆ ನೀರಿಗೆ ಧುಮುಕಿ ಮುಳುಗುವ ಹಕ್ಕಿಯಲ್ಲ. ತೇಲುತ್ತ ಚೀಲದಂಥ ಗಂಟಲಿನಲ್ಲಿ ಮೀನನ್ನು ಬಾಚುತ್ತದೆ. ಅದಕ್ಕೆ ತುಂಬಿದ ಕೆರೆಯೇ ಬೇಕು. ಕೊಕ್ಕರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಕ್ಕು ತೆರೆದು ಆಚೀಚೆ ಆಡಿಸುತ್ತ ಹಿಡಿಯುತ್ತದೆ. ಅದಕ್ಕೆ ಕೆರೆಯ ಅಂಚು, ಗದ್ದೆ, ಹೊಳೆಯ ಮಗ್ಗುಲು ಬೇಕು. ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ, ಶಿಂಷೆಯ ಮಡುಗಳು ಇವುಗಳ ಅಡುಗೆಮನೆ. ಊರಿನವರು ಹಕ್ಕಿಯನ್ನು ನೋಡಿ ಕೆರೆಯ ಸ್ಥಿತಿ ಹೇಳುತ್ತಿದ್ದರು ಎಂದರೆ ತಪ್ಪಾಗದು.

ಈ ನಂಟು ಎಷ್ಟು ಹಳೆಯದು ಎಂಬುದಕ್ಕೆ ಶಾಸನವಿಲ್ಲ. ಹಿರಿಯರ ಬಾಯಲ್ಲಿ ಒಂದು ಕಥೆಯಿದೆ. ಊರು ಮೊದಲು ಶಿಂಷೆಯ ದಡಕ್ಕೆ ಇನ್ನೂ ಹತ್ತಿರದಲ್ಲಿತ್ತಂತೆ. ಕಳೆದ ಶತಮಾನದ ಆರಂಭದಲ್ಲಿ ಪ್ಲೇಗು ಬಂದು ಜನ ಹಳೆಯ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂಬಾಲಿಸಿ ಬಂದವಂತೆ. ಕಥೆಯ ವಿವರ ಹೇಗೇ ಇರಲಿ, ಜನವಿದ್ದಲ್ಲಿ ಹಕ್ಕಿ ಎಂಬ ತಿರುಳು ಸುಳ್ಳಲ್ಲ. ಜನ ಓಡಾಡುವಲ್ಲಿ ಮರ ಹತ್ತಿ ಮೊಟ್ಟೆ ಕದಿಯುವ ಕಾಡುಪ್ರಾಣಿಗಳ ಕಾಟ ಕಡಿಮೆ. 1864ರಲ್ಲಿ ಟಿ.ಸಿ. ಜೆರ್ಡನ್ ಎಂಬ ಪಕ್ಷಿತಜ್ಞ ತನ್ನ ಭಾರತದ ಪಕ್ಷಿಗಳ ಗ್ರಂಥದಲ್ಲಿ, ದಕ್ಷಿಣದ ಒಂದು ಹಳ್ಳಿಯ ನಡುವಿನ ಮರಗಳ ಮೇಲೆ ಹೆಜ್ಜಾರ್ಲೆಗಳು ಜನರಿಗೆ ಅಂಜದೆ ಗೂಡು ಕಟ್ಟಿದ್ದನ್ನು ಬರೆದಿದ್ದಾನೆ. ಹಳ್ಳಿಯ ಹೆಸರು ಹೇಳಿಲ್ಲ. ಅದು ಬೆಳ್ಳೂರೇ ಎಂದು ಕೆಲವರ ಊಹೆ. ಅದೇ ಶತಮಾನದಲ್ಲಿ, 1877ರಲ್ಲಿ, ಬರ್ಮಾದ ಸಿಟ್ಟಾಂಗ್ ನದಿಯ ಬಯಲಿನ ಕಾಡಿನಲ್ಲಿ ಯುಜೀನ್ ಓಟ್ಸ್ ಎಂಬಾತ ಲಕ್ಷಗಟ್ಟಲೆ ಹೆಜ್ಜಾರ್ಲೆಗಳ ಗೂಡುಗಳನ್ನು ಕಂಡ. ಮೈಲಿಗಟ್ಟಲೆ ಹಬ್ಬಿದ್ದ ಆ ವಸಾಹತು ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಇಲ್ಲವಾಗಿತ್ತು. ಜನವಿಲ್ಲದ ಕಾಡಿನ ಅಷ್ಟು ದೊಡ್ಡ ತಾಣ ಅಳಿಯಿತು, ಜನರ ಹಿತ್ತಲಿನ ಸಣ್ಣ ತಾಣಗಳು ಉಳಿದವು. ಹೆಜ್ಜಾರ್ಲೆಯ ಇಡೀ ಕುಲದ ಚರಿತ್ರೆಯಲ್ಲಿ ಬೆಳ್ಳೂರಿನಂಥ ಊರುಗಳ ಸ್ಥಾನ ಎಷ್ಟು ದೊಡ್ಡದೆಂದು ತಿಳಿಯಲು ಇದೊಂದು ಸಂಗತಿ ಸಾಕು.

ಹೊರಲೋಕಕ್ಕೆ ಬೆಳ್ಳೂರನ್ನು ತೋರಿಸಿಕೊಟ್ಟವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ. ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿ ನೆಡಿಸಿ ನಗರಕ್ಕೆ ನೆರಳು ಕೊಟ್ಟವರೆಂದು ಅವರನ್ನು ಹೆಚ್ಚು ಜನ ಬಲ್ಲರು. ಆದರೆ ಅದಕ್ಕೂ ಮುಂಚೆ, 1976ರಲ್ಲಿ, ಅವರು ಈ ಊರಿನ ಗೂಡುಗಳನ್ನು ಕಂಡು, ಎಣಿಸಿ, ಬರೆದು, ಹೆಜ್ಜಾರ್ಲೆಗಳು ಕರ್ನಾಟಕದಲ್ಲಿ ಮರಿ ಮಾಡುತ್ತವೆ ಎಂಬುದನ್ನು ಪಕ್ಷಿಶಾಸ್ತ್ರಜ್ಞರ ಗಮನಕ್ಕೆ ತಂದರು. ಬೇರೆ ಅಧಿಕಾರಿಯಾಗಿದ್ದರೆ ಒಂದು ಫಲಕ ನೆಟ್ಟು, ಬೇಲಿ ಹಾಕಿಸುವ ಪ್ರಸ್ತಾವ ಕಳಿಸಿ ಸುಮ್ಮನಾಗುತ್ತಿದ್ದರೇನೋ. ನೇಗಿನಹಾಳರು ಮರದ ಮಾಲೀಕನ ಮುಖ ನೋಡಿದರು. ಹುಣಸೆ ಬಿಟ್ಟುಕೊಡುವ ಮನೆಗೆ ಆದ ನಷ್ಟವನ್ನು ಇಲಾಖೆ ತುಂಬಿಕೊಡಬೇಕು ಎಂಬ ವ್ಯವಸ್ಥೆ ಬಂದದ್ದು ಅವರ ಪ್ರಯತ್ನದಿಂದ. ಗೂಡಿರುವ ಮರಕ್ಕೆ ಇಂತಿಷ್ಟು ಎಂದು ಪರಿಹಾರ. ಮೊತ್ತ ದೊಡ್ಡದಾಗಿರಲಿಲ್ಲ, ಆದರೆ ಅದರ ಹಿಂದಿನ ತಿಳಿವಳಿಕೆ ದೊಡ್ಡದು. ಹಕ್ಕಿ ಎಲ್ಲರದು, ಮರ ಮಾತ್ರ ಒಬ್ಬನದು. ಎಲ್ಲರ ಪರವಾಗಿ ಆ ಒಬ್ಬನೇ ಖರ್ಚು ಹೊರುತ್ತಿದ್ದಾನೆ ಎಂಬುದನ್ನು ಸರ್ಕಾರದ ಕಡತ ಮೊದಲ ಬಾರಿಗೆ ಒಪ್ಪಿಕೊಂಡಿತು.

ಆಮೇಲಿನ ವರ್ಷಗಳಲ್ಲಿ ಊರಿಗೆ ಹೆಸರು ಬಂತು, ನೋಡುವವರು ಬಂದರು, ಪತ್ರಿಕೆಗಳಲ್ಲಿ ಚಿತ್ರ ಬಂತು. ಹಾಗೆಂದು ಮರಗಳ ಕಷ್ಟ ತಪ್ಪಲಿಲ್ಲ. ಪರಿಹಾರ ತಡವಾಗುತ್ತಿತ್ತು, ಹುಣಸೆಯ ಬೆಲೆ ಏರಿದಷ್ಟು ಅದು ಏರಲಿಲ್ಲ. ಮನೆಗಳು ಪಾಲಾದಾಗ ಹಿತ್ತಲೂ ಪಾಲಾಯಿತು. ಮಗಳ ಮದುವೆಗೋ ಸಾಲಕ್ಕೋ ಮರ ಮಾರಬೇಕಾಯಿತು. ಹುಣಸೆಯ ಕಟ್ಟಿಗೆಗೆ ಇಟ್ಟಿಗೆ ಗೂಡುಗಳಲ್ಲಿ ಗಿರಾಕಿ ಇದ್ದೇ ಇತ್ತು. ಹೆಣ್ಣುಮಗಳು ತವರಿಗೆ ಬಂದಳು ಎನ್ನುತ್ತಿದ್ದ ಹಿರಿಯರ ಮಾತು ಮುಂದಿನ ತಲೆಮಾರಿಗೆ ಅದೇ ಬಿಸಿಯಲ್ಲಿ ದಾಟಲಿಲ್ಲ. ನಂಬಿಕೆ ಹಕ್ಕಿಗೆ ಕಲ್ಲು ಹೊಡೆಯದಂತೆ ತಡೆಯಬಲ್ಲದಾಗಿತ್ತು; ಮರ ಕಡಿಯದಂತೆ ತಡೆಯಲು, ಬಿದ್ದ ಮರಿಯನ್ನು ಎತ್ತಿಕೊಳ್ಳಲು ಅದೊಂದೇ ಸಾಲುತ್ತಿರಲಿಲ್ಲ.

1994ರಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿ ಪರಿಸರಾಸಕ್ತರ ತಂಡ ಬೆಳ್ಳೂರಿನಲ್ಲಿ ಕೆಲಸ ಶುರುಮಾಡಿತು. ಅದರ ಮುಂದಾಳು ಕೆ. ಮನು. ಹಕ್ಕಿ ನೋಡಲು ಬಂದವರು ಸಾಮಾನ್ಯವಾಗಿ ಹಕ್ಕಿಯನ್ನೇ ನೋಡಿ ಹೋಗುತ್ತಾರೆ. ಮನು ಮತ್ತು ಜೊತೆಗಾರರು ಜಗುಲಿಯ ಮೇಲೆ ಕೂತು ಮಾತಾಡಿದರು. ಯಾರ ಮರ, ಎಷ್ಟು ಗೂಡು, ಯಾಕೆ ಮಾರಬೇಕೆಂದಿದ್ದಾರೆ, ಕೆರೆಯಲ್ಲಿ ಮೀನಿದೆಯೆ ಎಂದು ಕೇಳಿದರು. ಊರಿನ ಯುವಕರನ್ನು ಕೂಡಿಸಿಕೊಂಡರು. ಆ ಒಡನಾಟದಲ್ಲಿ ಹೆಜ್ಜಾರ್ಲೆ ಬಳಗ ಹುಟ್ಟಿತು. ಸದಸ್ಯರು ಬೇಸಾಯಗಾರರ ಮಕ್ಕಳು, ಕೂಲಿ ಮಾಡುವವರು, ಓದು ಅರ್ಧಕ್ಕೆ ನಿಂತವರು, ಓದುತ್ತಿದ್ದವರು. ಯಾರಿಗೂ ಸಂಬಳವಿಲ್ಲ. ಪಕ್ಷಿಶಾಸ್ತ್ರದ ಪುಸ್ತಕ ಓದಿದವರು ಕಡಿಮೆ, ಹಕ್ಕಿಯ ಜೊತೆ ಬೆಳೆದವರು ಎಲ್ಲರೂ.

ಅವರು ಕೈಗೆತ್ತಿಕೊಂಡ ಮೊದಲ ಕೆಲಸವೇ ಬಳಗಕ್ಕೆ ಗುರುತು ಕೊಟ್ಟಿತು. ಹೆಜ್ಜಾರ್ಲೆಯ ಗೂಡು ಎಂದರೆ ಕೊಂಬೆಯ ಮೇಲೆ ಕಡ್ಡಿ ಹಾಸಿದ ತಟ್ಟು ಅಷ್ಟೇ, ಅಂಚಿಗೆ ಕಟ್ಟೆಯಿಲ್ಲ. ಮೊಟ್ಟೆಗಳನ್ನು ಒಂದೆರಡು ದಿನ ಬಿಟ್ಟು ಇಡುವುದರಿಂದ ಮರಿಗಳೂ ಹಿಂದೆ ಮುಂದೆ ಒಡೆದು ಬರುತ್ತವೆ. ಮೊದಲು ಬಂದದ್ದು ದೊಡ್ಡದು, ಕೊನೆಯದು ಬಡಕಲು. ತಾಯಿ ಬಾಯ್ತೆರೆದಾಗ ದೊಡ್ಡದು ಗಂಟಲ ಚೀಲದೊಳಕ್ಕೆ ತಲೆ ತೂರಿಸಿ ತಿನ್ನುವ ಭರದಲ್ಲಿ ಸಣ್ಣದನ್ನು ಅಂಚಿಗೆ ತಳ್ಳುತ್ತದೆ. ಗಾಳಿಗೆ, ನೂಕಾಟಕ್ಕೆ, ರೆಕ್ಕೆ ಬಡಿಯುವ ಅಭ್ಯಾಸಕ್ಕೆ ಮರಿ ಜಾರಿ ಬೀಳುತ್ತದೆ. ಬಿದ್ದ ಮರಿಯನ್ನು ತಾಯಿ ತಂದೆ ನೆಲಕ್ಕಿಳಿದು ಸಾಕುವುದಿಲ್ಲ. ಮೇಲೆ ಹತ್ತಡಿ ಎತ್ತರದಲ್ಲಿ ಅದರ ಅಣ್ಣ ತಿನ್ನುತ್ತಿರುತ್ತಾನೆ, ಕೆಳಗೆ ಇದು ಹಸಿದು ಸಾಯುತ್ತದೆ ಅಥವಾ ನಾಯಿಯ ಪಾಲಾಗುತ್ತದೆ. ನೂರಾರು ವರ್ಷ ಹಕ್ಕಿಯನ್ನು ಪ್ರೀತಿಸಿದ ಊರಿನಲ್ಲೂ ಇದನ್ನು ವಿಧಿ ಎಂದೇ ಬಿಟ್ಟಿದ್ದರು.

ಬಳಗದ ಹುಡುಗರು ಬಿಡಲಿಲ್ಲ. ಬಲೆ ಕಟ್ಟಿದ ಒಂದು ಆವರಣ ಮಾಡಿಕೊಂಡರು. ಮರಿ ಬಿದ್ದ ಸುದ್ದಿ ಬಂದರೆ ಓಡಿಹೋಗಿ ಎತ್ತಿಕೊಂಡು ಬಂದರು. ಮಕ್ಕಳು, ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು, ಎಲ್ಲರೂ ಸುದ್ದಿ ಮುಟ್ಟಿಸುವವರೇ. ಎತ್ತುವುದು ಸುಲಭ, ಸಾಕುವುದು ಕಷ್ಟ. ಈ ಮರಿಗೆ ಕಾಳು ಹಾಕಿದರೆ ಆಗದು, ಹಾಲು ಕುಡಿಸಿದರೆ ಆಗದು. ಮೀನೇ ಬೇಕು, ದಿನವೂ ಬೇಕು. ಮೀನನ್ನು ತಲೆ ಮುಂದಾಗಿ ಕೊಡಬೇಕು. ಬಾಲದ ಕಡೆಯಿಂದ ಕೊಟ್ಟರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಅಡ್ಡ ನಿಲ್ಲುತ್ತದೆ. ತೀರ ಎಳೆಯದಾದರೆ ಕೊಕ್ಕನ್ನು ಮೆಲ್ಲಗೆ ಬಿಡಿಸಿ ಸಣ್ಣ ಮೀನನ್ನು ಒಳಗೆ ಜಾರಿಸಬೇಕು. ಸ್ವಲ್ಪ ಬೆಳೆದ ಮೇಲೆ ಅದೇ ಕೈಯನ್ನು ಮೀನೆಂದು ತಿಳಿದು ಕೊಕ್ಕಿನಲ್ಲಿ ಹಿಡಿದು ಜಗ್ಗುತ್ತದೆ. ಕಾಲು ಉಳುಕಿದ್ದರೆ, ರೆಕ್ಕೆಗೆ ಪೆಟ್ಟಾಗಿದ್ದರೆ ಅದಕ್ಕೆ ಬೇರೆ ಆರೈಕೆ. ರೆಕ್ಕೆ ಬಲಿತು, ತಾನೇ ಎದ್ದು ಹಾರುವಷ್ಟು ಆಗುವವರೆಗೆ ತಿಂಗಳುಗಟ್ಟಲೆ ಇದೇ ದಿನಚರಿ. ಆಮೇಲೆ ಅದು ಇತರ ಮರಿಗಳ ಜೊತೆ ಸೇರಿ ಕೆರೆಯ ಕಡೆ ಹೊರಡುತ್ತದೆ.

ಹೀಗೆ ಉಳಿದ ಮರಿಗಳು ವರ್ಷದಿಂದ ವರ್ಷಕ್ಕೆ ನೂರಾರಾದವು. ಮೀನಿಗೆ ದುಡ್ಡು ಎಲ್ಲಿಂದ ಎಂಬುದು ಬಳಗದ ಪ್ರತಿ ವರ್ಷದ ಪ್ರಶ್ನೆ. ಸ್ವಂತ ಜೇಬು, ಮೈಸೂರಿನ ಗೆಳೆಯರ ನೆರವು, ಬರುಬರುತ್ತ ಅರಣ್ಯ ಇಲಾಖೆಯ ಸಹಾಯ. ಕೆಲವು ವರ್ಷ ಸಲೀಸು, ಕೆಲವು ವರ್ಷ ಬಿಗಿ. ಹುಡುಗರು ದೊಡ್ಡವರಾದರು, ಮದುವೆಯಾದರು, ಕೆಲವರು ಕೆಲಸಕ್ಕೆ ಬೆಂಗಳೂರಿಗೆ ಹೋದರು. ಒಬ್ಬಿಬ್ಬರು ಇದನ್ನೇ ಬದುಕಿನ ಕೆಲಸ ಮಾಡಿಕೊಂಡು ಉಳಿದರು. ಎಲ್ಲ ಯುವಕ ಸಂಘಗಳ ಹಣೆಬರಹವೂ ಹೀಗೇ. ಆದರೆ ಮರಿ ಬಿದ್ದರೆ ಎತ್ತಬೇಕು ಎಂಬುದು ಊರಿನಲ್ಲಿ ನೆಲೆಯಾಯಿತು. ಇವತ್ತಿನ ಶಾಲೆಯ ಮಗುವಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಳಗ ಊರಿಗೆ ಕೊಟ್ಟದ್ದು ಇದನ್ನು.

ಹಿಕ್ಕೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ಹರಡಿ, ಮೇಲಿಂದ ಬೀಳುವ ಹಿಕ್ಕೆಯನ್ನು ಅದರಲ್ಲಿ ಹಿಡಿದು ಗೊಬ್ಬರ ಮಾಡುವ ಪದ್ಧತಿ ಬೆಳ್ಳೂರಿನಲ್ಲಿ ಹಿಂದಿನಿಂದಲೂ ಇದೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ, ರಂಜಕ ಧಾರಾಳ. ಭತ್ತದ ಗದ್ದೆಗೂ ರಾಗಿಯ ಹೊಲಕ್ಕೂ ಅದು ಹೋಗುತ್ತದೆ. ಕೆರೆಯ ಸತ್ವ ಮೀನಿಗೆ, ಮೀನಿನದು ಹಕ್ಕಿಗೆ, ಹಕ್ಕಿಯದು ಹೊಲಕ್ಕೆ ಬರುವ ಈ ಸುತ್ತನ್ನು ಊರಿನವರು ಯಾವ ಪರಿಸರ ಪಾಠವೂ ಇಲ್ಲದೆ ಬಳಸುತ್ತ ಬಂದರು. ರಸಗೊಬ್ಬರ ಸುಲಭವಾಗಿ ಸಿಗತೊಡಗಿದ ಮೇಲೆ ಗುಂಡಿ ತೋಡುವ ಮನೆಗಳು ಕಡಿಮೆಯಾದವು. ಹುಣಸೆಯ ನಷ್ಟವನ್ನು ಸ್ವಲ್ಪವಾದರೂ ಸರಿದೂಗಿಸುತ್ತಿದ್ದ ಒಂದು ಲಾಭ ಹೀಗೆ ಕೈತಪ್ಪಿತು. ಹಕ್ಕಿ ಉಳಿಸುವ ಯೋಜನೆಗಳನ್ನು ಬರೆಯುವವರು ಇದರ ಕಡೆ ಇನ್ನಷ್ಟು ಗಮನ ಕೊಡಬೇಕಿತ್ತು.

ಕಾನೂನು ಈ ಊರಿಗೆ ಬಂದದ್ದು ತಡವಾಗಿ, ಬಂದದ್ದು ಒಳ್ಳೆಯ ರೂಪದಲ್ಲಿ. ಕಾವೇರಿಯ ನಡುಗಡ್ಡೆಗಳ ರಂಗನತಿಟ್ಟನ್ನು, ಸಲೀಂ ಅಲಿಯವರ ಸಲಹೆಯಂತೆ, ಮೈಸೂರು ಸಂಸ್ಥಾನ 1940ರಲ್ಲೇ ಪಕ್ಷಿಧಾಮ ಮಾಡಿತ್ತು. ಅಲ್ಲಿ ನದಿಯೇ ಬೇಲಿ, ಹಕ್ಕಿಗಳ ನಡುವೆ ಮನೆಗಳಿಲ್ಲ. ಬೆಳ್ಳೂರನ್ನು ಹಾಗೆ ಧಾಮ ಮಾಡುವುದೆಂದರೆ ಜನರ ಹಿತ್ತಲು, ಕೊಟ್ಟಿಗೆ, ಹೊಲಗಳ ಮೇಲಿನ ಒಡೆತನಕ್ಕೇ ಕೈಹಾಕಿದಂತೆ. ಜನರನ್ನು ಹೊರಗಿಟ್ಟರೆ ಹಕ್ಕಿಯನ್ನು ಉಳಿಸಿದವರನ್ನೇ ಹೊರಗಿಟ್ಟಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಇಂಥ ಊರಿಗೆ ಹೊಂದುವ ಜಾಗವೇ ಇರಲಿಲ್ಲ. 2002ರ ತಿದ್ದುಪಡಿ ಆ ಜಾಗ ಮಾಡಿತು. ಖಾಸಗಿ ಅಥವಾ ಸಮುದಾಯದ ಭೂಮಿಯಲ್ಲಿ ಜನರೇ ಮುಂದೆ ಬಂದು ವನ್ಯಜೀವಿಗಳನ್ನು ಕಾಪಾಡುತ್ತಿದ್ದರೆ ರಾಜ್ಯ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಬಹುದು. ಭೂಮಿ ಮಾಲೀಕರದೇ. ಆಡಳಿತಕ್ಕೆ ಒಂದು ಸಮಿತಿ. ಅದರಲ್ಲಿ ಗ್ರಾಮ ಪಂಚಾಯಿತಿ ಹೆಸರಿಸಿದ ಪ್ರತಿನಿಧಿಗಳು, ಅರಣ್ಯ ಇಲಾಖೆಯ ಒಬ್ಬರು. ಸಮಿತಿ ತನ್ನ ಅಧ್ಯಕ್ಷನನ್ನು ತಾನೇ ಆರಿಸಿಕೊಳ್ಳುತ್ತದೆ, ಆತ ಗೌರವ ವನ್ಯಜೀವಿ ಪರಿಪಾಲಕನೂ ಆಗುತ್ತಾನೆ. ಸಮಿತಿಯ ನಿರ್ಣಯ ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಮೀಸಲಿನೊಳಗೆ ಭೂಬಳಕೆ ಬದಲಾಗುವಂತಿಲ್ಲ.

2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲಾಯಿತು, ಕರ್ನಾಟಕದಲ್ಲಿ ಮೊದಲನೆಯದು. ಬಳಗದ ಹದಿಮೂರು ವರ್ಷಗಳ ಕೆಲಸ ಅಷ್ಟು ಹೊತ್ತಿಗೆ ಆಗಿತ್ತು. ಜನರೇ ಮುಂದೆ ಬಂದಿದ್ದಾರೆ ಎಂಬುದಕ್ಕೆ ಸರ್ಕಾರ ಬೇರೆ ಸಾಕ್ಷಿ ಹುಡುಕಬೇಕಿರಲಿಲ್ಲ. ಘೋಷಣೆಯಿಂದ ಇಲಾಖೆಯ ಸಿಬ್ಬಂದಿ, ಸ್ವಲ್ಪ ಹಣ, ಮಾಹಿತಿ ಕೇಂದ್ರ, ಆರೈಕೆಗೆ ಹೆಚ್ಚಿನ ಅನುಕೂಲ ಬಂದವು. ಅರಳಿ, ಆಲ, ಗೋಣಿಯಂಥ ಮರಗಳ ಸಸಿ ನೆಡುವ ಕೆಲಸವೂ ಸಾಗಿತು. ಹಕ್ಕಿಗೆ ಇವು ಇಷ್ಟ, ಮಾಲೀಕನಿಗೆ ಹುಣಸೆಯಂಥ ನಷ್ಟವಿಲ್ಲ. ಅದೇ ವರ್ಷ ಹೆಜ್ಜಾರ್ಲೆಯನ್ನು ಜಗತ್ತಿನ ಅಪಾಯದ ಪಟ್ಟಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿ ಅಪಾಯದ ಅಂಚಿನದು ಎಂದು ಗುರುತಿಸಲಾಯಿತು. ಭಾರತದ ತಾಣಗಳಲ್ಲಿ ಹಕ್ಕಿಗಳಿಗೆ ಸಿಕ್ಕ ರಕ್ಷಣೆ ಅದಕ್ಕೆ ಒಂದು ಕಾರಣ. ನೆಲ್ಲೂರಿನ ಬಳಿಯ ನೇಲಪಟ್ಟು, ಗುಂಟೂರಿನ ಬಳಿಯ ಉಪ್ಪಲಪಾಡು ಮೊದಲಾದ ತಾಣಗಳ ಸಾಲಿನಲ್ಲಿ ಬೆಳ್ಳೂರೂ ಇದೆ.

ಬಳಗಕ್ಕೆ ಅತಿ ಕಠಿಣವಾದ ದಿನಗಳು 2017ರ ಕೊನೆಯಿಂದ 2018ರ ಆರಂಭದವರೆಗಿನವು. ಬಲಿತ ಹೆಜ್ಜಾರ್ಲೆಗಳೇ ಒಂದೊಂದಾಗಿ ಸೊರಗಿ ಸತ್ತು ಬೀಳತೊಡಗಿದವು. ಸತ್ತವು ಒಂದೆರಡಲ್ಲ, ಹತ್ತಾರು. ಮರಿ ಬಿದ್ದರೆ ಎತ್ತಿ ಸಾಕಿ ಗೊತ್ತಿದ್ದವರಿಗೆ ಇದು ಹೊಸ ಸಂಕಟ. ಪರೀಕ್ಷೆ ಮಾಡಿದ ಪಶುವೈದ್ಯರಿಗೆ ಹಕ್ಕಿಗಳ ಹೊಟ್ಟೆಯಲ್ಲಿ ಜಂತುಹುಳುಗಳು ಕಂಡವು. ಈ ಹುಳು ಊರಿನಲ್ಲಿ ಹುಟ್ಟುವುದಲ್ಲ. ಹಿಕ್ಕೆಯೊಡನೆ ನೀರಿಗೆ ಬಿದ್ದ ಹುಳುವಿನ ಮೊಟ್ಟೆ ನೀರಿನ ಸಣ್ಣ ಜೀವಿಗಳಿಗೆ, ಅವುಗಳಿಂದ ಮೀನಿಗೆ, ಮೀನಿನಿಂದ ಮತ್ತೆ ಹಕ್ಕಿಗೆ ದಾಟುತ್ತದೆ. ನೀರು ಕಡಿಮೆಯಾಗಿ, ಕೊಳೆ ಹೆಚ್ಚಾಗಿ, ಒಂದೇ ಕೆರೆಯಲ್ಲಿ ಮೀನು ಹಕ್ಕಿ ಎಲ್ಲ ಒತ್ತಾಗಿ ಸೇರಿದಾಗ ಈ ಸುತ್ತು ವೇಗವಾಗುತ್ತದೆ. ಊರಿನೊಳಗೆ ಎಷ್ಟೇ ಜೋಪಾನ ಮಾಡಿದರೂ ಊರ ಹೊರಗಿನ ಕೆರೆ ಕೆಟ್ಟರೆ ಹಕ್ಕಿ ಉಳಿಯುವುದಿಲ್ಲ ಎಂಬುದನ್ನು ಆ ಚಳಿಗಾಲ ಕಲಿಸಿತು. ಮೀಸಲಿನ ಗಡಿ ಊರಿನ ಸುತ್ತ ನಿಲ್ಲುತ್ತದೆ. ಹೆಜ್ಜಾರ್ಲೆ ತಿನ್ನುವ ಮೀನು ಆ ಗಡಿಯಿಂದ ಬಹಳ ದೂರದ ಕೆರೆಗಳಲ್ಲಿದೆ. ಆ ಕೆರೆಗಳು ಮೀನು ಗುತ್ತಿಗೆದಾರರ ಕೈಯಲ್ಲಿವೆ, ಅವರ ಲೆಕ್ಕದಲ್ಲಿ ಹಕ್ಕಿ ಪೈಪೋಟಿಗಾರ. ಶಿಂಷೆಯ ಮರಳು ಲಾರಿ ಹತ್ತಿದ ಮೇಲೆ ಹೊಳೆಯ ಮಡುಗಳೂ ಮೊದಲಿನಂತಿಲ್ಲ. ಬಳಗ ಊರಿನೊಳಗೆ ಮಾಡಿದ್ದನ್ನು ಸುತ್ತಲಿನ ಕೆರೆಗಳ ಅಚ್ಚುಕಟ್ಟಿನಲ್ಲಿ ಮಾಡುವ ಸಂಸ್ಥೆ ಇನ್ನೂ ಹುಟ್ಟಬೇಕಾಗಿದೆ.

ಈ ಮಾದರಿ ಬೆಳ್ಳೂರಿಗಷ್ಟೇ ಸೀಮಿತವಾಗಿಲ್ಲ ಎಂಬುದು ಸಂತೋಷದ ಸಂಗತಿ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಊರ ಮರಗಳಲ್ಲಿ ಗೂಡು ಕಟ್ಟುತ್ತವೆ, ಜನ ಅವನ್ನು ಕಾಯುತ್ತಾರೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ನೆಲೆ ನಿಂತವು. ಅದು 2017ರಲ್ಲಿ ಸಂರಕ್ಷಣಾ ಮೀಸಲಾಯಿತು, 2024ರಲ್ಲಿ ಜೌಗುಪ್ರದೇಶಗಳ ಅಂತಾರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿರುವುದು ಸರ್ಕಾರದ ಕೆರೆ, ಬೆಳ್ಳೂರಿನಲ್ಲಿರುವುದು ರೈತನ ಹಿತ್ತಲು. ಎರಡರ ಕಷ್ಟಗಳೂ ಬೇರೆ, ಆದರೂ ಊರಿನ ಯುವಕರು ಹಕ್ಕಿಗಳನ್ನು ನಮ್ಮವು ಎಂದುಕೊಂಡ ಮೇಲೆಯೇ ಘೋಷಣೆಗೆ ಅರ್ಥ ಬರುವುದು ಎರಡೂ ಕಡೆ ನಿಜ.

ಇನ್ನು ಮರಗಳ ವಿಚಾರ. ಈ ಲೇಖನ ಹುಣಸೆಯಿಂದ ಹೊರಟದ್ದಕ್ಕೆ ಕಾರಣವಿದೆ. ಬಳಗ ಎಷ್ಟು ಮರಿ ಉಳಿಸಿತು ಎಂಬುದು ಹೆಮ್ಮೆಯ ಲೆಕ್ಕ. ಊರಿನಲ್ಲಿ ಗೂಡು ಕಟ್ಟಬಲ್ಲ ದೊಡ್ಡ ಮರಗಳು ಎಷ್ಟು ಉಳಿದಿವೆ ಎಂಬುದು ಕಳವಳದ ಲೆಕ್ಕ. ನೆಟ್ಟ ಅರಳಿಯ ಸಸಿ ಹತ್ತಾರು ಹೆಜ್ಜಾರ್ಲೆ ಗೂಡುಗಳ ಭಾರ ಹೊರುವಷ್ಟು ಬೆಳೆಯಲು ವರ್ಷಗಳು ಬೇಕು. ಅಲ್ಲಿಯವರೆಗೆ ಹಳೆಯ ಹುಣಸೆಗಳೇ ಗತಿ. ಒಂದು ಹುಣಸೆ ಉರುಳಿದರೆ ಅದರ ಮೇಲಿದ್ದ ಗೂಡುಗಳಷ್ಟೂ ಮುಂದಿನ ವರ್ಷ ಜಾಗ ಹುಡುಕಬೇಕು. ಸಿಕ್ಕದಿದ್ದರೆ ಹಕ್ಕಿ ಬೇರೆ ಊರು ನೋಡಿಕೊಳ್ಳುತ್ತದೆ. ಅಲ್ಲಿ ಇಂಥ ಜನ, ಇಂಥ ಬಳಗ ಇರುತ್ತದೆಂಬ ಭರವಸೆಯಿಲ್ಲ.

ಹಾಗಾಗಿ ನೇಗಿನಹಾಳರು ಶುರುಮಾಡಿದ ಕೆಲಸವನ್ನು ಪೂರ್ತಿ ಮಾಡುವುದು ಬಾಕಿ ಇದೆ. ಗೂಡಿರುವ ಪ್ರತಿ ಮರದ ಪರಿಹಾರ ಆ ವರ್ಷದ ಹುಣಸೆಯ ಮಾರುಕಟ್ಟೆ ದರಕ್ಕೆ ತಾಳೆಯಾಗಬೇಕು. ವರ್ಷ ಕಳೆದ ಮೇಲೆ ಕೊಡುವ ಬದಲು, ಸಂಕ್ರಾಂತಿಗೆ ಮುಂಚೆ, ಗುತ್ತಿಗೆದಾರ ಬಾಗಿಲಿಗೆ ಬರುವ ಮೊದಲು ಮಾಲೀಕನ ಕೈ ಸೇರಬೇಕು. ಮರ ಮಾರಲೇಬೇಕಾದ ಕಷ್ಟ ಬಂದ ಮನೆಗೆ ಮರವನ್ನು ನಿಂತಂತೆಯೇ ಕೊಳ್ಳುವ ಅಥವಾ ದೀರ್ಘಾವಧಿಗೆ ಗುತ್ತಿಗೆ ಹಿಡಿಯುವ ಒಂದು ನಿಧಿ ಬೇಕು. ಗೊಬ್ಬರದ ಗುಂಡಿಗಳಿಗೆ ಮತ್ತೆ ನೆರವು ಸಿಗಬೇಕು, ಹಿಕ್ಕೆ ಗೊಬ್ಬರಕ್ಕೆ ಸುತ್ತಲಿನ ರೈತರಲ್ಲಿ ಬೆಲೆ ಕಟ್ಟಬೇಕು. ಇದಕ್ಕೆಲ್ಲ ಹೊಸ ಕಾನೂನಿಗೆ ಕಾಯಬೇಕಿಲ್ಲ. ಮೀಸಲಿನ ನಿರ್ವಹಣಾ ಯೋಜನೆ ತಯಾರಿಸುವ ಅಧಿಕಾರ ಸಮುದಾಯ ಮೀಸಲಿನ ಸಮಿತಿಗೆ ಕಾಯಿದೆಯೇ ಕೊಟ್ಟಿದೆ. ಪಂಚಾಯಿತಿ ತನ್ನ ಪ್ರತಿನಿಧಿಗಳನ್ನು ಹೆಸರಿಸುವಾಗ ಗೂಡಿರುವ ಮರಗಳ ಮಾಲೀಕರಿಗೂ ಬಳಗದ ಎಳೆಯರಿಗೂ ಅದರಲ್ಲಿ ಜಾಗ ಕೊಟ್ಟು, ಬರುವ ಹುಣಸೆ ಸುಗ್ಗಿಗೆ ಮುಂಚೆ ಮೊದಲ ನಿರ್ಣಯ ಬರೆಸಬಹುದು.